ಜಿಂಕ್ ಪ್ಲೇಟಿಂಗ್‌ನಲ್ಲಿ ಹೆಕ್ಸಾ ಬಿಟ್ಟು ಟ್ರೈಗೆ ಬಂದಿದ್ದು: ನನ್ನ ಅನುಭವ

ಪೀಣ್ಯದಂಥ ಕಡೆ ಜಾಬ್ ವರ್ಕ್ ಮಾಡುವ ಪ್ಲೇಟಿಂಗ್ ಘಟಕ ತೊಟ್ಟಿಯ ರಸಾಯನವನ್ನೇ ಬದಲಿಸುವುದು ಗಿರಾಕಿ ಕೇಳಿದಾಗ. ಜಿಂಕ್ ಲೇಪಿಸಿದ ಸಾಮಾನಿನ ಮೇಲೆ ತುಕ್ಕು ತಡೆಯುವ ಕ್ರೋಮಿಯಂ ಪದರ ಕೊಡುವ ತೊಟ್ಟಿ ಇದು; ಅದರಲ್ಲಿರುವುದು ಹೆಕ್ಸಾವೇಲೆಂಟ್ (ಹೆಕ್ಸಾ) ಇಲ್ಲವೇ ಟ್ರೈವೇಲೆಂಟ್ (ಟ್ರೈ) ಕ್ರೋಮಿಯಂ. ಹೊರಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬ ನಿಯಮವನ್ನು ಇಟಿಪಿಯಲ್ಲೇ (ಕೊಳೆನೀರು ಶುದ್ಧೀಕರಣ ಘಟಕ) ಪಾಲಿಸಬಹುದು. ಪಿಎಚ್ 2.5ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ಆಮೇಲೆ ಸುಣ್ಣದಿಂದ 8.5ಕ್ಕೆ ಏರಿಸಿದರೆ ಕ್ರೋಮಿಯಂ ಕೆಸರಾಗಿ ಕೂರುತ್ತದೆ. ಪ್ಲೇಟಿಂಗ್ ಲೈನಿನಲ್ಲಿ ಮಾತ್ರ ಹೆಕ್ಸಾ ಹಾಗೇ ಉಳಿಯುತ್ತದೆ. ಐರೋಪ್ಯ ಒಕ್ಕೂಟ 2007ರ ಜುಲೈ 1ರಿಂದ ವಾಹನಗಳ ತುಕ್ಕುನಿರೋಧಕ ಲೇಪನದಲ್ಲಿ ಅದನ್ನು ನಿಷೇಧಿಸಿದ ಮೇಲೆ ರಫ್ತುದಾರರ ಡ್ರಾಯಿಂಗ್‌ಗಳಲ್ಲೇ ‘ಟ್ರೈ’ ಎಂದು ಬಂತು. ಹೆಕ್ಸಾ ಕ್ಯಾನ್ಸರ್ ತರುತ್ತದೆ, ತೊಟ್ಟಿ ಪಕ್ಕ ನಿಲ್ಲುವವರ ಮೂಗಿನೊಳಗೆ ಹುಣ್ಣು ಮಾಡುತ್ತದೆ. ಬದಲಾವಣೆಗೆ ಇದೇ ಮೊದಲ ಕಾರಣ ಆಗಬೇಕಿತ್ತು.

ಎರಡನೇ ಒತ್ತಡ ಟ್ಯಾಂಕರ್ ನೀರಿನ ಬಿಲ್ಲು. ತೊಳೆಯುವ ತೊಟ್ಟಿಗಳನ್ನು ಮೊದಲು ಸರಿಮಾಡಿದ್ದು ಅದಕ್ಕೇ. ಗಂಟೆಗೆ 1 ಲೀಟರ್ ದ್ರಾವಣ ಸಾಮಾನಿಗೆ ಅಂಟಿ ಬರುತ್ತಿದ್ದರೆ, ಅದನ್ನು 1000 ಪಟ್ಟು ತೆಳುಮಾಡಲು ಒಂದೇ ತೊಟ್ಟಿಗೆ ಗಂಟೆಗೆ 1000 ಲೀಟರ್ ಬೇಕು. ಹೊಸ ನೀರನ್ನು ಕೊನೆಯ ತೊಟ್ಟಿಗೆ ಮಾತ್ರ ಬಿಟ್ಟು, ಅದು ತುಂಬಿ ಹಿಂದಿನದಕ್ಕೆ ಹರಿಯುವಂತೆ ಮಾಡಿದರೆ ಲೆಕ್ಕದ ಪ್ರಕಾರ ಎರಡು ತೊಟ್ಟಿಗೆ 32 ಲೀಟರ್, ಮೂರಕ್ಕೆ 10 ಲೀಟರ್ ಸಾಕು. ತಳದಲ್ಲಿ ಗಾಳಿ ಬಿಟ್ಟು ಕಲಕದಿದ್ದರೆ ಈ ಲೆಕ್ಕ ಕೂಡುವುದಿಲ್ಲ. ಸಾಮಾನು ತುಂಬಿದ ಬ್ಯಾರೆಲ್ಲನ್ನು (ತಿರುಗುವ ತೂತಿನ ಪೀಪಾಯಿ) ತೊಟ್ಟಿಯ ಮೇಲೇ ತಿರುಗಿಸುತ್ತಾ 20 ಸೆಕೆಂಡ್ ಸೋರಲು ಬಿಡಬೇಕು. ಅವಸರದಲ್ಲಿ ಮೊದಲು ತಪ್ಪುವುದು ಇದೇ.

ಟ್ರೈ ತೊಟ್ಟಿ ಹೆಕ್ಸಾದಷ್ಟು ತಪ್ಪು ಸಹಿಸುವುದಿಲ್ಲ. ನಾವು ಪಿಎಚ್ 1.8ರಿಂದ 2.2ರೊಳಗೆ, ಸಮಯ 45ರಿಂದ 60 ಸೆಕೆಂಡ್ ಇಡುತ್ತೇವೆ. ಕ್ಷಾರೀಯ ಜಿಂಕ್ ದ್ರಾವಣ ಅಂಟಿಕೊಂಡು ಬಂದರೆ ಪಿಎಚ್ ಏರುತ್ತದೆ, ಆದ್ದರಿಂದ ಟ್ರೈ ತೊಟ್ಟಿಗೆ ಮುಂಚೆ 0.5% ನೈಟ್ರಿಕ್ ಆಮ್ಲದಲ್ಲಿ 10 ಸೆಕೆಂಡ್ ಅದ್ದಬೇಕು. ತಳಕ್ಕೆ ಬಿದ್ದ ಬೋಲ್ಟುಗಳು ಕರಗಿ ಕಬ್ಬಿಣ ಸೇರಿದರೆ ಪದರ ಹಳದಿಯಾಗಿ ತುಕ್ಕು ಬೇಗ ಕಾಣುತ್ತದೆ. ದಿನಾ ಸಂಜೆ ಮ್ಯಾಗ್ನೆಟ್ ಆಡಿಸಿ ಆ ಬೋಲ್ಟುಗಳನ್ನು ತೆಗೆಯಬೇಕು.

ಇನ್ನೊಂದು ತೊಂದರೆ ಗೀರು. ಹೆಕ್ಸಾ ಪದರ ಸಣ್ಣ ಗೀರನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಟ್ರೈಗೆ ಆ ಗುಣವಿಲ್ಲ. ಬ್ಯಾರೆಲ್ಲಿನಲ್ಲಿ ಒಂದಕ್ಕೊಂದು ಬಡಿಯುವ ಸಾಮಾನಿಗೆ ಮೇಲೊಂದು ಸೀಲರ್ (ಪದರವನ್ನು ಕಾಯುವ ಲೇಪ) ಬೇಕೇ ಬೇಕು, ದರ ಹೇಳುವಾಗಲೇ ಅದನ್ನು ಸೇರಿಸಿ. ಹೆಕ್ಸಾದಲ್ಲಿದ್ದ, ಹಳದಿ ಬಣ್ಣ ನೋಡಿ ಪಾಸು ಮಾಡುವ ರೂಢಿಯೂ ಇಲ್ಲಿ ನಡೆಯದು. ಉಪ್ಪುನೀರಿನ ಸ್ಪ್ರೇ ಪರೀಕ್ಷೆಯಲ್ಲಿ ಎಷ್ಟು ಗಂಟೆ ನಿಲ್ಲಬೇಕೆಂದು ಆರ್ಡರಿನಲ್ಲೇ ಬರೆಸಿಕೊಳ್ಳಿ.