ಸ್ಲೈಡಿಂಗ್ ಕಿಟಕಿ, ಬಾಗಿಲಿಗೆ ಬಿಚ್ಚಿ ಒಯ್ಯಬಹುದಾದ ಭದ್ರತೆ: ನನ್ನ ಅನುಭವ

ಗೋವಾದ ವಾಸ್ಕೋ ಮತ್ತು ಮಡಗಾಂವ್ ಸುತ್ತಮುತ್ತ ಅಲ್ಯೂಮಿನಿಯಂ, ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಗಳನ್ನು ಕೂಡಿಸುವುದು ನನ್ನ ಕಸುಬು. ಇಲ್ಲಿ ಬಾಡಿಗೆಗಿರುವ ಕನ್ನಡದ ಕುಟುಂಬಗಳು ನನ್ನನ್ನು ಕರೆಸುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕಟ್ಟಡದ ಅಂದ ಕೆಡುತ್ತದೆಂದು ಸೊಸೈಟಿಯವರು ಹೊರಗೆ ಗ್ರಿಲ್ ಹಾಕಲು ಬಿಡುವುದಿಲ್ಲ, ಗೋಡೆಗೆ ತೂತು ಕೊರೆಯಲು ಮಾಲೀಕರು ಒಪ್ಪುವುದಿಲ್ಲ, ಆದರೂ ಬಾಲ್ಕನಿಯ ಸ್ಲೈಡಿಂಗ್ ಬಾಗಿಲು ಭದ್ರವಾಗಿರಬೇಕು, ಮನೆ ಬಿಡುವಾಗ ಹಾಕಿಸಿದ್ದನ್ನು ಬಿಚ್ಚಿಕೊಂಡು ಹೋಗುವಂತಿರಬೇಕು. ಇದು ಸಾಧ್ಯವಿದೆ, ಆದರೆ ಅಂಗಡಿಯಲ್ಲಿ ಸಿಗುವ ಯಾವುದಾದರೊಂದು ಲಾಕ್ ತಂದು ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ.

ಮೊದಲು ಶಟರ್, ಅಂದರೆ ಸರಿದಾಡುವ ಗಾಜಿನ ಹಲಗೆ, ಚೌಕಟ್ಟಿನೊಳಗೆ ಹೇಗೆ ಕೂತಿದೆ ಎಂಬುದನ್ನು ನೋಡಬೇಕು. ಅದನ್ನು ಕೂಡಿಸುವಾಗ ನಾವು ಮೇಲಿನ ಟ್ರ್ಯಾಕಿನ ಆಳಕ್ಕೆ ಎತ್ತಿ, ಕೆಳಗಿನ ಹಳಿಯ ಮೇಲೆ ಬೇರಿಂಗ್ (ಶಟರಿನ ಅಡಿಯ ಸಣ್ಣ ಚಕ್ರ) ಕೂರುವಂತೆ ಇಳಿಸುತ್ತೇವೆ. ಎತ್ತಲು ಬೇಕಾದ ಆ ಜಾಗ, ಸುಮಾರು 10 ಮಿಲಿಮೀಟರ್, ಕೆಲಸ ಮುಗಿದ ಮೇಲೂ ಹಾಗೆಯೇ ಉಳಿಯುತ್ತದೆ. ಅಂದರೆ ನಾವು ಕೂಡಿಸಿದ ದಾರಿಯಲ್ಲೇ ಬೇರೊಬ್ಬರು ಅದನ್ನು ಹೊರಗಿನಿಂದ ಕಳಚಬಹುದು. ಕಂಪನಿಯಿಂದ ಬರುವ ಸಣ್ಣ ಲಾಕ್‌ನ ಕೊಕ್ಕೆ ಶಟರನ್ನು ಅಡ್ಡಲಾಗಿ ಸರಿಯದಂತೆ ತಡೆಯುತ್ತದೆಯೇ ಹೊರತು, ಕೆಳಗಿನಿಂದ ಮೀಟಿ ಎತ್ತಿದರೆ ಅನೇಕ ಸಲ ತಾನೇ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಸರಿಯುವುದು, ಏಳುವುದು ಎರಡನ್ನೂ ತಡೆಯದ ಸಾಧನವನ್ನು ನಾನು ಪೂರ್ಣ ಭದ್ರತೆ ಎಂದು ಒಪ್ಪುವುದಿಲ್ಲ.

ಏಳುವುದನ್ನು ತಡೆಯುವುದು ಸುಲಭ. ಶಟರನ್ನು ಮುಚ್ಚಿದ ಮೇಲೆ, ಮೇಲಿನ ಟ್ರ್ಯಾಕಿನಲ್ಲಿ ಅದರ ತಲೆಯ ಮೇಲಿರುವ ಖಾಲಿ ಜಾಗಕ್ಕೆ ನೈಲಾನ್ ತುಂಡೊಂದನ್ನು ಡಬಲ್ ಸೈಡ್ ಟೇಪಿನಿಂದ ಅಂಟಿಸುತ್ತೇನೆ. ಶಟರ್ ಸಲೀಸಾಗಿ ಓಡಾಡಲು 2 ಮಿಲಿಮೀಟರ್ ಬಿಟ್ಟರೆ ಸಾಕು.

ಸರಿಯುವುದನ್ನು ತಡೆಯುವ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕೆಳಗಿನ ಟ್ರ್ಯಾಕಿನಲ್ಲಿ ಒಂದು ಕೋಲನ್ನು ಅಡ್ಡ ಇಡುವ ಪದ್ಧತಿ ಎಲ್ಲರಿಗೂ ಗೊತ್ತಿದೆ. ಒಂದು ಗಾಜು ಚೌಕಟ್ಟಿಗೇ ಕೂತು, ಇನ್ನೊಂದು ಶಟರ್ ಮಾತ್ರ ಒಳಗಿನ ಟ್ರ್ಯಾಕಿನಲ್ಲಿ ಓಡುವ ಬಾಗಿಲಿಗೆ ಅದಕ್ಕಿಂತ ಅಗ್ಗದ, ಗಟ್ಟಿಯಾದ ಉಪಾಯವಿಲ್ಲ. ಆದರೆ ನಮ್ಮಲ್ಲಿನ ಎರಡು ಟ್ರ್ಯಾಕಿನ ಕಿಟಕಿಗಳಲ್ಲಿ ಸಾಮಾನ್ಯವಾಗಿ ಎರಡೂ ಶಟರ್‌ಗಳು ಓಡುತ್ತವೆ. ಕೋಲು ಒಳಗಿನ ಶಟರನ್ನು ಹಿಡಿದಿಡುತ್ತದೆ. ಹೊರಗಿನ ಶಟರ್ ಮಾತ್ರ ಕೋಲಿನ ಗೊಡವೆಯೇ ಇಲ್ಲದೆ ತನ್ನ ಟ್ರ್ಯಾಕಿನಲ್ಲಿ ಸರಿದು ಅರ್ಧ ಕಿಟಕಿಯನ್ನು ತೆರೆದುಕೊಡುತ್ತದೆ. ಕೋಲಿಟ್ಟು ನೆಮ್ಮದಿಯಾಗಿ ಮಲಗಿದ ಎಷ್ಟೋ ಮನೆಗಳಲ್ಲಿ ನಾನು ಇದನ್ನು ಹೊರಗೆ ನಿಂತು ಸರಿಸಿ ತೋರಿಸಿದ್ದೇನೆ.

ಇಂಥ ಕಿಟಕಿಗೆ ನಾನು ಹೇಳುವುದು ಪಿನ್ನು. ಎರಡು ಶಟರ್‌ಗಳು ನಡುವೆ ಒಂದರ ಮೇಲೊಂದು ಬರುವ ಇಂಟರ್‌ಲಾಕ್ ಪಟ್ಟಿಯಲ್ಲಿ, ಒಳಗಿನ ಪಟ್ಟಿಯನ್ನು ದಾಟಿ ಹೊರಗಿನ ಪಟ್ಟಿಯ ಒಳಮೈಯನ್ನು ಮಾತ್ರ ತೂರುವಂತೆ 6 ಮಿಲಿಮೀಟರಿನ ಒಂದು ತೂತು ಕೊರೆದು, ಅದಕ್ಕೆ ಪಿನ್ ಸಿಕ್ಕಿಸಿದರೆ ಎರಡೂ ಶಟರ್‌ಗಳು ಒಂದನ್ನೊಂದು ಕಟ್ಟಿಹಾಕುತ್ತವೆ. ತೂತು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. ಆಗ ಗಾಳಿಗೆ ಕಿಟಕಿ ಅದುರಿದರೂ ಪಿನ್ ತಾನಾಗಿ ಹೊರಬರುವುದಿಲ್ಲ. ಗಾಜಿನ ಅಂಚು ಪಟ್ಟಿಯೊಳಗೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಅಳೆಯದೆ ಡ್ರಿಲ್ ಹಿಡಿಯಬಾರದು. ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜಿನ ಅಂಚಿಗೆ ಡ್ರಿಲ್ ತಾಗಿದರೆ ಇಡೀ ಗಾಜು ಸಣ್ಣ ಸಣ್ಣ ಹರಳಾಗಿ ಕೆಳಗುದುರುತ್ತದೆ. ಈ ಒಂದು ತೂತಿಗಾಗಿ ಮಾಲೀಕರ ಅನುಮತಿಯನ್ನು ಮೊದಲೇ ಪಡೆಯಲು ಹೇಳುತ್ತೇನೆ. ಗೋಡೆ ಕೊರೆಯುವುದಿಲ್ಲವೆಂದು ತಿಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ತೂತೇ ಬೇಡ ಎನ್ನುವವರಿಗೆ ಹಳಿಗೆ ತಿರುಪಿನಿಂದ ಬಿಗಿಯುವ ಕ್ಲ್ಯಾಂಪ್ ಇದೆ. ಆದರೆ ಇದೂ ಕೋಲಿನಂತೆ ಒಳಗಿನ ಶಟರನ್ನು ಮಾತ್ರ ತಡೆಯುತ್ತದೆ. ಇದರ ನಿಜವಾದ ಉಪಯೋಗ ಬೇರೆ: ಒಂದೇ ಶಟರ್ ಓಡುವ ಕಿಟಕಿಯನ್ನು 10 ಸೆಂಟಿಮೀಟರಿಗಿಂತ ಕಡಿಮೆ ತೆರೆದು ಅಲ್ಲಿ ಕ್ಲ್ಯಾಂಪ್ ಬಿಗಿದರೆ ಗಾಳಿ ಬರುತ್ತದೆ, ಮಕ್ಕಳು ನುಸುಳಲಾರರು. ತಿರುಪನ್ನು ಇಕ್ಕಳದಿಂದ ಬಿಗಿಯಬಾರದು. ಅಲ್ಯೂಮಿನಿಯಂ ಹಳಿ ತೆಳುವಾಗಿರುವುದರಿಂದ ಬಗ್ಗುತ್ತದೆ, ಆಮೇಲೆ ಬೇರಿಂಗ್ ಅಲ್ಲಿ ಬಂದಾಗಲೆಲ್ಲ ಕಟಕಟ ಎನ್ನುತ್ತದೆ.

ಗೋವಾದಲ್ಲಿ ಕಳ್ಳರಿಗಿಂತ ಮೊದಲು ಉಪ್ಪುಗಾಳಿಯ ಲೆಕ್ಕ ಹಾಕಬೇಕಾಗುತ್ತದೆ. ಬೋಗಮಾಲೋದಂಥ ಕಡಲಂಚಿನ ಊರಿನಲ್ಲಿ ಮಾಮೂಲಿ ಕಬ್ಬಿಣದ ಪಿನ್ನನ್ನು ಅಲ್ಯೂಮಿನಿಯಂ ತೂತಿನಲ್ಲಿಟ್ಟರೆ ಪಿನ್ ತುಕ್ಕು ಹಿಡಿಯುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ, ಕೊನೆಗೆ ಪಿನ್ ಅಲ್ಲೇ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ನಾನು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಳಸುತ್ತೇನೆ. ಅದರಲ್ಲಿರುವ ಮಾಲಿಬ್ಡಿನಂ ಎಂಬ ಲೋಹದಿಂದಾಗಿ ಅದು ಮಾಮೂಲಿ 304 ದರ್ಜೆಯ ಸ್ಟೀಲಿಗಿಂತ ಉಪ್ಪನ್ನು ಚೆನ್ನಾಗಿ ತಾಳುತ್ತದೆ. ಆದರೂ ಎರಡು ಲೋಹ ನೇರವಾಗಿ ತಾಗದಂತೆ ತೂತಿಗೊಂದು ತೆಳ್ಳಗಿನ ನೈಲಾನ್ ಕೊಳವೆ ತೊಡಿಸುತ್ತೇನೆ. ಅಡ್ಡಕೋಲಿಗೂ ಮರ ಬೇಡ, ಮಳೆಗಾಲದಲ್ಲಿ ಅದು ಉಬ್ಬುತ್ತದೆ. ಚೌಕಾಕಾರದ ಅಲ್ಯೂಮಿನಿಯಂ ಪೈಪಿನ ಎರಡೂ ತುದಿಗೆ ರಬ್ಬರ್ ಟೊಪ್ಪಿ ಹಾಕಿ, ಶಟರ್ ಮುಚ್ಚಿದಾಗ ಟ್ರ್ಯಾಕಿನಲ್ಲಿ ಉಳಿಯುವ ಖಾಲಿ ಜಾಗದ ಅಳತೆಗಿಂತ 3 ಮಿಲಿಮೀಟರ್ ಗಿಡ್ಡ ಮಾಡಿದರೆ ಸರಿಯಾಗುತ್ತದೆ. ಕೆಳಗಿನ ಟ್ರ್ಯಾಕಿನಲ್ಲಿ ನೀರು ಹೊರಹೋಗುವ ತೂತುಗಳನ್ನು ಕೋಲಾಗಲಿ ಕ್ಲ್ಯಾಂಪಾಗಲಿ ಮುಚ್ಚಬಾರದು. ಮುಚ್ಚಿದರೆ ಜೂನ್‌ನಲ್ಲಿ ಹಾಲ್‌ಗೆ ನೀರು ಬರುತ್ತದೆ.

ಚಿಕಲಿಮ್‌ನಲ್ಲಿ ಧಾರವಾಡದ ಕಡೆಯ ಒಬ್ಬ ಹಿರಿಯ ಮಹಿಳೆಯ ಮನೆಗೆ ಕೋಲು ಮಾಡಿಕೊಟ್ಟಾಗ ಅವರು ಕೇಳಿದ ಪ್ರಶ್ನೆ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. “ಏನಪಾ, ರಾತ್ರಿ ಬೆಂಕಿ ಗಿಂಕಿ ಹತ್ತಿದ್ರ, ಬಗ್ಗಲಿಕ್ಕ ಬರದ ನಾ ಇದನ್ನ ಹೆಂಗ ತೆಗೀಲಿ?” ಎಂದರು. “ಅಮ್ಮಾರ, ನಿಂತಲ್ಲಿಂದನ ಬರೂ ಹಂಗ ಮಾಡಿ ಕೊಡ್ತೀನಿ” ಎಂದು ಕೋಲಿಗೆ ಸೊಂಟದ ಎತ್ತರದವರೆಗೆ ಬರುವ ನೈಲಾನ್ ಹಗ್ಗ ಕಟ್ಟಿ, ಅದರ ಕುಣಿಕೆಯನ್ನು ಹ್ಯಾಂಡಲ್‌ಗೆ ಸಿಕ್ಕಿಸಿದೆ. ಈಗ ಹಗ್ಗವಿಲ್ಲದ ಕೋಲನ್ನು ನಾನು ಯಾರಿಗೂ ಕೊಡುವುದಿಲ್ಲ. ಕೀಲಿಯಿರುವ ಕ್ಲ್ಯಾಂಪ್‌ಗಳನ್ನು ಮಲಗುವ ಕೋಣೆಗೆ ಹಾಕಲು ನನಗೆ ಮನಸ್ಸಿಲ್ಲ. ಹಾಕಲೇಬೇಕೆಂದರೆ, ಒಡೆದ ಗಾಜಿನಿಂದ ಕೈ ಹಾಕಿದವರಿಗೆ ಎಟುಕದ, ಒಳಗಿನವರ ಕಣ್ಣಿಗೆ ಕತ್ತಲಲ್ಲೂ ಸಿಗುವ ಜಾಗದಲ್ಲಿ ಕೀಲಿ ನೇತುಹಾಕಿಸುತ್ತೇನೆ.

ಗಾಜು ಒಡೆಯುವವರನ್ನು ಈ ಯಾವುದೂ ತಡೆಯುವುದಿಲ್ಲ ಎಂದು ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತೇನೆ. ಸದ್ದಿಲ್ಲದೆ ಸರಿಸಿ ಒಳಬರುವ ದಾರಿ ಮುಚ್ಚುತ್ತದೆ, ಅಷ್ಟೇ. ಕೆಲಸ ಮುಗಿದ ಮೇಲೆ ಮನೆಯವರನ್ನು ಒಳಗೆ ನಿಲ್ಲಿಸಿ, ನಾನು ಬಾಲ್ಕನಿಗೆ ಹೋಗಿ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ಪ್ರತಿ ಶಟರನ್ನೂ ಸರಿಸಲು, ಎತ್ತಲು ನೋಡುತ್ತೇನೆ. ಆಮೇಲೆ ಮನೆಯ ಎಲ್ಲರೂ ಒಬ್ಬೊಬ್ಬರಾಗಿ ಕೋಲನ್ನೋ ಪಿನ್ನನ್ನೋ ತೆಗೆದು ನನಗೆ ಬಾಗಿಲು ತೆರೆಯಬೇಕು.

ಮನೆ ಬಿಡುವಾಗ ಟೇಪನ್ನು ಹೇರ್ ಡ್ರೈಯರ್‌ನ ಬಿಸಿಗಾಳಿಯಿಂದ ಮೆತ್ತಗೆ ಮಾಡಿ, ಹಿಂದಿನಿಂದ ಗಟ್ಟಿ ದಾರ ಎಳೆದರೆ ನೈಲಾನ್ ತುಂಡು ಕಲೆಯಿಲ್ಲದೆ ಬಿಡುತ್ತದೆ. ಪಿನ್ನಿನ ತೂತಿಗೆ ಚೌಕಟ್ಟಿನ ಬಣ್ಣದ ಸಿಲಿಕಾನ್ ತುಂಬಬಹುದು. ಕೋಲು ಹೊಸ ಮನೆಯ ಅಳತೆಗಿಂತ ಉದ್ದವಿದ್ದರೆ ಕತ್ತರಿಸಿಕೊಡುತ್ತೇನೆ. ಗಿಡ್ಡವಿದ್ದರೆ ಹೊಸದೇ ಆಗಬೇಕು.