ಹದಿನೈದನೇ ದಿನ ಅದು ಎಲ್ಲಿತ್ತು? ಮಕ್ಕಳ ಆಟಿಕೆ, ಪುಸ್ತಕ, ಬಾಟಲಿ ಕೊಂಡ ನನ್ನ ಅನುಭವ

ನಮ್ಮ ಮನೆಯಲ್ಲಿ 200 ಪುಟದ ಒಂದು ನೋಟ್‌ಬುಕ್ ಇದೆ. ತಂದಿದ್ದು ಕಿರಾಣಿ ಲೆಕ್ಕಕ್ಕೆ. ಈಗ ಅದರಲ್ಲಿರೋದು ಮಕ್ಕಳಿಗೆ ತಂದ ಸಾಮಾನಿನ ಲೆಕ್ಕ. ಏನು ತಂದೆವು, ಯಾವತ್ತು, ಎಷ್ಟು ಕೊಟ್ಟೆವು, ಹದಿನೈದನೇ ದಿನ ಅದು ಎಲ್ಲಿತ್ತು. ಈ ಕೊನೆಯದೇ ನನಗೆ ಮುಖ್ಯ.

ನಾವು ಇರೋದು ಕೊಪ್ಪಳದಲ್ಲಿ. ನನ್ನ ಕೆಲಸ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ, ಲೆಕ್ಕಪತ್ರ ನೋಡೋದು. ಬೆಳಿಗ್ಗೆ ಎಂಟರ ಬಸ್ ಹತ್ತಿದರೆ ವಾಪಸ್ ಮನೆ ಸೇರೋದು ಸಂಜೆ ಏಳಕ್ಕೆ. ಮನೆಯವರದು ಗಿಣಿಗೇರಿ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್. ಮಗಳಿಗೆ ಆರು ವರ್ಷ, ಮಗನಿಗೆ ಎರಡು ತುಂಬಿ ಮೂರು ತಿಂಗಳು. ಹಗಲೆಲ್ಲ ಇಬ್ಬರನ್ನೂ ನೋಡಿಕೊಳ್ಳೋದು ನಮ್ಮ ಅತ್ತೆ. ನಾನು ಮಕ್ಕಳ ಜೊತೆ ಇರೋದು ಕಡಿಮೆ ಅನ್ನೋ ನೋವಿಗೆ ವಾರಕ್ಕೊಂದು ಏನಾದರೂ ತರುತ್ತಿದ್ದೆ. ಒಮ್ಮೆ ಒಂದು ‘ಕಲಿಕೆಯ ಟ್ಯಾಬ್’ ತಂದೆ, 900 ರೂಪಾಯಿ. ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಹಾಡುತ್ತೆ. ಮಗಳು ಒತ್ತಿದಳು, ಅದು ಹಾಡಿತು, ಇವಳು ಸುಮ್ನೆ ನೋಡುತ್ತಾ ಕೂತಳು. ನಾನು ಬಸ್ಸಿಳಿದು ಬಂದ ಕೂಡಲೇ ಅದನ್ನು ತಗೊಂಡು ಬರುತ್ತಿದ್ದಳಲ್ಲ, ಬಹಳ ಇಷ್ಟಪಟ್ಟಿದ್ದಾಳೆ ಅಂದುಕೊಂಡಿದ್ದೆ.

ಅತ್ತೆ ಒಂದಿನ ಹೇಳಿದರು. ‘ನೀ ಹೋದ ಮ್ಯಾಲ ಅದನ್ನ ಯಾರೂ ಮುಟ್ಟಂಗಿಲ್ಲ ನೋಡವ್ವಾ. ನೀ ಬರೋ ಹೊತ್ತಿಗಷ್ಟ ಹೊರಗ ಬರ್ತದ.’

ಹಾಗಾದರೆ ಹಗಲು ಏನು ಮಾಡ್ತಾಳೆ ಅಂತ ಕೇಳಿದೆ. ಅತ್ತೆ ಆಗ ಕೌದಿ ಹೊಲಿಯುತ್ತಿದ್ದರು. ಹಳೇ ಸೀರೆ, ಹಳೇ ಅಂಗಿ ಕತ್ತರಿಸಿದ ಚಿಂದಿಯ ಗಂಟು ಪಕ್ಕದಲ್ಲೇ ಇರುತ್ತಿತ್ತು. ಮಗಳು ಊಟ ಮುಗಿಸಿ ಬಂದು ಆ ಗಂಟು ಬಿಚ್ಚಿ ಕೆಂಪು ಒಂದು ಕಡೆ, ಹಸಿರು ಒಂದು ಕಡೆ, ಹೂವಿಂದು ಒಂದು ಕಡೆ ಅಂತ ಜೋಡಿಸಿ, ಇದು ಯಾರ ಸೀರೆ, ಇದು ಯಾರ ಅಂಗಿ ಅಂತ ಅಜ್ಜಿಯನ್ನು ಕೇಳಿ, ಮತ್ತೆ ಎಲ್ಲ ಕಲಸಿ, ಮರುದಿನ ಮತ್ತೆ ಶುರು ಮಾಡುತ್ತಿದ್ದಳಂತೆ. ಒಂದು ತಿಂಗಳಿಂದ. ನನಗೆ ಅದು ಗೊತ್ತೇ ಇರಲಿಲ್ಲ.

ಅವತ್ತಿಂದ ಪರೀಕ್ಷೆ ಮಾಡೋದು ಅತ್ತೆ, ಬರೆದುಕೊಳ್ಳೋದು ನಾನು. ಹೊಸದೇನೇ ಬಂದರೂ ‘ಇದು ಹೀಗೆ ಆಡೋದು’ ಅಂತ ಕಲಿಸೋದಿಲ್ಲ. ಕೆಳಗಿನ ಗೂಡಿನಲ್ಲಿ, ಕೈಗೆ ಸಿಗೋ ಹಾಗೆ ಇಟ್ಟು ಬಿಟ್ಟುಬಿಡೋದು. ಮೊದಲ ಮೂರು ದಿನದ ಆಟ ಲೆಕ್ಕಕ್ಕಿಲ್ಲ, ಹೊಸದಾದ್ದರಿಂದ ಎಲ್ಲದನ್ನೂ ಆಡ್ತಾರೆ. ಹದಿನೈದನೇ ದಿನ ಕೇಳ್ತೀನಿ, ಯಾರೂ ಹೇಳದೆ ತಾವೇ ತಗೊಂಡರಾ? ಆಡುವಾಗ ದೊಡ್ಡವರು ಪಕ್ಕದಲ್ಲಿ ಕೂತಿರಲೇಬೇಕಾಯ್ತಾ? ಎರಡನೇ ಪ್ರಶ್ನೆಯನ್ನು ಕೆಲಸಕ್ಕೆ ಹೋಗೋ ಅಪ್ಪ ಅಮ್ಮ ಕೇಳಲೇಬೇಕು. ದೊಡ್ಡವರು ಕೂತಿರಲೇಬೇಕಾದ ಆಟಿಕೆಯ ಹೊರೆ ಹಗಲು ಮನೆಯಲ್ಲಿರೋರ ಮೇಲೆ ಬೀಳುತ್ತೆ. ನಮ್ಮತ್ತೆಗೆ ಅರವತ್ತೈದು, ಮೊಣಕಾಲು ನೋವು ಬೇರೆ.

ಆದರೆ ಗೂಡಿಗೆ ಸೇರೋ ಮುಂಚೆ ಒಂದು ತಪಾಸಣೆ ಇದೆ. ಇದನ್ನು ನಾನು ಕಲಿತದ್ದು ಹೆದರಿ. ಒಂದು ಅಂಗಡಿಯಲ್ಲಿ ಮಿಣಮಿಣ ಬೆಳಕಿನ ಬುಗುರಿ ತಂದಿದ್ದೆ. ಎರಡನೇ ದಿನ ಸಂಜೆ ಮಗನ ಮುಷ್ಟಿಯಲ್ಲಿ ಏನೋ ಹೊಳೆಯಿತು. ಬಿಡಿಸಿ ನೋಡಿದರೆ ಗುಂಡಿ ಬ್ಯಾಟರಿ, ಕೈಗಡಿಯಾರಕ್ಕೆ ಹಾಕ್ತಾರಲ್ಲ ಅಂಥದ್ದು. ಬುಗುರಿಯ ತಳದ ಮುಚ್ಚಳಕ್ಕೆ ಸ್ಕ್ರೂನೇ ಇರಲಿಲ್ಲ, ಉಗುರಿಂದ ಎತ್ತಿದರೆ ಬರುತ್ತಿತ್ತು. ನುಂಗಿರಲಿಲ್ಲ, ಅಷ್ಟು ಪುಣ್ಯ. ಆ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಜೋರಾಗಿ ಸುಟ್ಟುಬಿಡಬಹುದು. ಬ್ಯಾಟರಿ ಸೋರಬೇಕು ಅಂತೇನಿಲ್ಲ, ಒದ್ದೆ ಜಾಗಕ್ಕೆ ತಾಗಿದಾಗ ಕರೆಂಟ್ ಹರಿದು ಅಲ್ಲಿ ಕ್ಷಾರ ಹುಟ್ಟುತ್ತೆ, ಅದು ಸುಡುತ್ತೆ. ಮಗು ನುಂಗಿದೆ ಅನ್ನೋ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸೋಕೆ ಹೋಗದೆ ಸೀದಾ ಎಕ್ಸ್‌ರೇ ಇರೋ ದೊಡ್ಡ ಆಸ್ಪತ್ರೆಗೆ ಓಡಬೇಕು. ದಯವಿಟ್ಟು ಇವತ್ತೇ ಮನೆಯಲ್ಲಿರೋ ರಿಮೋಟು, ಹಾಡೋ ಗೊಂಬೆ, ಬೆಳಕಿನ ಚಪ್ಪಲಿ ಎಲ್ಲ ತಿರುಗಿಸಿ ನೋಡಿ, ಮುಚ್ಚಳಕ್ಕೆ ಸ್ಕ್ರೂ ಇದೆಯಾ ಅಂತ.

ಈಗ ಮೊದಲು ನೋಡೋದು ಐಎಸ್‌ಐ ಗುರುತು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಇದು ಕಡ್ಡಾಯ. ಗುರುತಿನ ಮೇಲೆ ಐಎಸ್ 9873 ಅಂತ ಇರುತ್ತೆ, ಕರೆಂಟು ಅಥವಾ ಬ್ಯಾಟರಿಯಿಂದ ನಡೆಯೋದಾದರೆ ಐಎಸ್ 15644. ಕೆಳಗೆ ಲೈಸೆನ್ಸ್ ನಂಬರ್ ಇರುತ್ತೆ, ಬಿಐಎಸ್ ಕೇರ್ ಅನ್ನೋ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರ ಲೈಸೆನ್ಸ್ ಅಂತ ತೋರಿಸುತ್ತೆ. ಅಂಗಡಿಯಲ್ಲೇ ನಿಂತು ನೋಡ್ತೀನಿ, ಅಂಗಡಿಯವರು ಕಾಯ್ತಾರೆ. ಆ ಬುಗುರಿಯ ಡಬ್ಬದ ಮೇಲೆ ಇಂಥ ಯಾವ ಗುರುತೂ ಇರಲಿಲ್ಲ.

ಇನ್ನೊಂದು, ರಟ್ಟಿನ ತೂತು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷೆ ಮಾಡುವಾಗ 31.7 ಮಿಲಿಮೀಟರ್ ಅಗಲದ ಒಂದು ಸಣ್ಣ ಕೊಳವೆ ಬಳಸ್ತಾರೆ. ಅದರೊಳಗೆ ಪೂರ್ತಿ ಹಿಡಿಸೋ ಚೂರು ಮಗುವಿನ ಗಂಟಲಿಗೂ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್, ಆ ಕೊಳವೆಯ ಬಾಯಿ ಅದಕ್ಕಿಂತ ತುಸು ದೊಡ್ಡದು ಅಷ್ಟೇ. ನಾನು ದಪ್ಪ ರಟ್ಟಿನಲ್ಲಿ ಕೈವಾರದಿಂದ ಆ ಅಳತೆಯ ತೂತು ಕೊರೆದು ಇಟ್ಟುಕೊಂಡಿದ್ದೀನಿ. ಅದರಲ್ಲಿ ತೂರೋದು ಏನೇ ಆಗಲಿ ಮಗನ ಗೂಡಿಗಿಲ್ಲ, ಮಗಳ ಮೇಲಿನ ಗೂಡಿಗೆ. ಮಗಳಿಗೂ ಈಗ ಇದೇ ಹುಚ್ಚು, ಮನೆಯ ಸಾಮಾನೆಲ್ಲ ತೂರಿಸಿ ನೋಡಿ ‘ಇದು ತಮ್ಮಗ ಬ್ಯಾಡ’ ಅಂತ ತಾನೇ ಎತ್ತಿಡ್ತಾಳೆ.

ಒಂದು ಭಾನುವಾರ ಮಗಳನ್ನು ಕಿನ್ನಾಳಕ್ಕೆ ಕರಕೊಂಡು ಹೋಗಿದ್ದೆ. ಊರಿನ ಪಕ್ಕದಲ್ಲೇ ಇದ್ದೂ ನಾನು ಅಲ್ಲಿ ಗೊಂಬೆ ಮಾಡೋದನ್ನು ನೋಡಿರಲಿಲ್ಲ! ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಕೂತೆವು. ಹಗುರ ಕಟ್ಟಿಗೆಯಲ್ಲಿ ಬೇರೆಬೇರೆ ಭಾಗ ಕೆತ್ತಿ ಜೋಡಿಸ್ತಾರೆ. ಸಂದು ಮುಚ್ಚೋಕೆ, ಮೈ ನುಣುಪು ಮಾಡೋಕೆ ಕಿಟ್ಟ ಅಂತ ಒಂದು ಮಾಡ್ತಾರೆ, ಗೋಣಿ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ್ದು. ಒಡವೆಯ ಹಾಗೆ ಉಬ್ಬಿದ ಕುಸುರಿಗೆ ಬೆಣಚುಕಲ್ಲಿನ ಪುಡಿಯ ಲೇಪ. ಅದರ ಮೇಲೆ ಬಣ್ಣ. ಮಗಳು ಒಂದು ಗಂಟೆ ಅಲ್ಲಾಡದೆ ಕೂತಿದ್ದಳು, ಅವಳು ಹಾಗೆ ಕೂರೋದೇ ಇಲ್ಲ.

ಮಗನಿಗೂ ಒಂದು ಆನೆ ಕೊಡಿ ಅಂದೆ. ಅಲ್ಲಿದ್ದ ಹಿರಿಯರು ಎಷ್ಟು ವರ್ಷದ್ದು ಅಂತ ಕೇಳಿ, ತಲೆ ಆಡಿಸಿದರು. ‘ಬ್ಯಾಡವ್ವಾ. ಬಾಯಾಗ ಹಾಕ್ಕೊಳ್ಳೋ ಕೂಸಿಗೆ ಇದು ಅಲ್ಲ. ಇದಕ್ಕ ಬಣ್ಣ ಐತಿ, ಅಂಟು ಐತಿ. ದೊಡ್ಡಾಕಿಗೆ ಕೊಡ್ರಿ, ಜ್ವಾಕ್ಯಾಗಿ ಇಟ್ಕೋತಾಳ.’ ಬಂದ ವ್ಯಾಪಾರ ಬಿಟ್ಟು ಹೀಗೆ ಹೇಳಿದರಲ್ಲ, ನನಗೆ ಅವರ ಮೇಲೆ ತುಂಬಾ ಗೌರವ ಬಂತು. ಕಿನ್ನಾಳ ಗೊಂಬೆಗೆ ಐಎಸ್‌ಐ ಗುರುತು ಇರೋದಿಲ್ಲ, ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇರೋ ಕರಕುಶಲ ಆಟಿಕೆಗಳಿಗೆ, ನೋಂದಾಯಿತ ಕುಶಲಕರ್ಮಿಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ. ಅದನ್ನು ನೋಡಿ ಅನುಮಾನ ಪಡಬೇಕಿಲ್ಲ. ಆದರೆ ಯಾವ ವಯಸ್ಸಿಗೆ ಅಂತ ಮಾಡಿದವರನ್ನೇ ಕೇಳಬೇಕು. ಮಗನಿಗೆ ಆಮೇಲೆ ಚನ್ನಪಟ್ಟಣದ ಗಿಲಕಿ ತರಿಸಿದೆ, ತಿರುಗಣಿಯಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ್ದು. ಒಂದು ವರ್ಷ ಆಯ್ತು, ಇನ್ನೂ ಗೂಡಿನಲ್ಲೇ ಇದೆ. ಮಗಳ ಆನೆ ಹದಿನೈದನೇ ದಿನ ದೇವರ ಜಗಲಿ ಮೇಲೆ ಕೂತಿತ್ತು, ಅವಳೇ ಇಟ್ಟಿದ್ದು.

ನೋಟ್‌ಬುಕ್‌ನಲ್ಲಿ ಎಲ್ಲಕ್ಕಿಂತ ಮುಂದೆ ಇರೋದು 20 ರೂಪಾಯಿಯ ಮಣ್ಣು. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿ ಎತ್ತು ತರೋದು ನಮ್ಮಲ್ಲಿ ಇದ್ದದ್ದೇ. ಈ ಸಲ ಅತ್ತೆ ‘ಮಾಡಿದ್ದು ಬ್ಯಾಡ, ಮಣ್ಣ ತಗೊಂಬಾ’ ಅಂದರು. ಮಕ್ಕಳು ಮೊದಲು ಎತ್ತು ಮಾಡಿದರು, ಆಮೇಲೆ ಎತ್ತಿಗೆ ಮೇವು ಹಾಕೋ ಗ್ವಾದಲಿ, ಆಮೇಲೆ ರೊಟ್ಟಿ ಹಂಚು, ಬಸ್ಸು, ಬಸ್ಸಿನಲ್ಲಿ ಕೂತ ಅವ್ವ. ಉಳಿದ ಮಣ್ಣನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಒಣಗೋದಿಲ್ಲ, ಎರಡು ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು. ನಲವತ್ತು ದಿನ ಬಂತು. ಮಗ ಒಂದೆರಡು ಸಲ ಬಾಯಿಗೂ ಹಾಕಿಕೊಂಡ, ಹಾಗಾಗಿ ಇದಕ್ಕೆ ಮಾತ್ರ ಅತ್ತೆ ಪಕ್ಕದಲ್ಲಿ ಕೂರಬೇಕಾಯ್ತು, ಅವರಿಗೆ ಅದು ಬೇಸರ ಅನಿಸಲಿಲ್ಲ.

ಪುಸ್ತಕದ ವಿಷಯದಲ್ಲಿ ಹದಿನೈದು ದಿನದ ಲೆಕ್ಕ ಸಾಲದು. ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಓದು ಅಂತಾರೆ, ಆಮೇಲೆ ತಿಂಗಳುಗಟ್ಟಲೆ ಮುಟ್ಟೋದಿಲ್ಲ, ಮತ್ತೆ ಒಂದಿನ ಹುಡುಕಿ ತರ್ತಾರೆ. ಅದಕ್ಕೆ ಪುಸ್ತಕ ಕೊಳ್ಳೋದು ಕಡಿಮೆ ಮಾಡಿ ಬೇರೆ ದಾರಿ ಹಿಡಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕತೆಗಳು ಬಿಟ್ಟಿಯಾಗಿ ಸಿಗ್ತವೆ. ಇಳಿಸಿಕೊಂಡು ಪ್ರಿಂಟ್ ಹಾಕಿಸೋಕೂ ಅನುಮತಿ ಇದೆ. ಓದೋ ಮಟ್ಟ ಒಂದರಿಂದ ನಾಲ್ಕರವರೆಗೆ ವಿಂಗಡಿಸಿದ್ದಾರೆ. ಬಸ್ಸಿನಲ್ಲಿ ಕೂತು ಆರಿಸ್ತೀನಿ, ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪುಬಿಳುಪಿನಲ್ಲಿ ತೆಗೆಸ್ತೀನಿ, ಮನೆಯಲ್ಲಿ ಸೂಜಿ ದಾರ ಹಾಕಿ ಹೊಲಿದರೆ ಪುಸ್ತಕ. ಪಿನ್ ಬೇಡ, ಮಗ ಕಿತ್ತು ಬಾಯಿಗೆ ಹಾಕ್ತಾನೆ. ಬಣ್ಣ ಇಲ್ಲದ್ದು ಕೊರತೆ ಆಗಬಹುದು ಅಂದುಕೊಂಡಿದ್ದೆ. ಮಗಳು ಒಂದೊಂದು ಪುಟಕ್ಕೂ ತಾನೇ ಬಣ್ಣ ತುಂಬಿದಳು. ಬಣ್ಣ ತುಂಬುವಾಗ ಅದೇ ಸಾಲನ್ನು ಗುನುಗುತ್ತಾ ಇರ್ತಾಳೆ. ನಾನು ಕೂತು ಓದಿಸಿದ್ದಕ್ಕಿಂತ ಹೆಚ್ಚು ಓದು ಅಲ್ಲೇ ಆಗಿದೆ.

ಒಂದು ತೊಡಕು ಇತ್ತು. ಪುಸ್ತಕದ ಕನ್ನಡ ಮನೆಯ ಕನ್ನಡ ಅಲ್ಲ. ‘ಹೋಗುತ್ತಾನೆ’ ಅಂತ ಓದಿದರೆ ಮಗಳು ‘ಹಂಗ್ಯಾಕ ಮಾತಾಡಾಕತ್ತಿ?’ ಅಂತ ನನ್ನ ಮುಖ ನೋಡುತ್ತಿದ್ದಳು. ಕತೆ ನಿಂತುಬಿಡೋದು. ಈಗ ಮೊದಲ ಸಲ ಪುಸ್ತಕವನ್ನು ಓದೋದೇ ಇಲ್ಲ. ಚಿತ್ರ ತೋರಿಸಿ ನಮ್ಮ ಮಾತಿನಲ್ಲಿ, ಕೊಪ್ಪಳದ ಮಾತಿನಲ್ಲಿ ಕತೆ ಹೇಳ್ತೀನಿ. ಇದನ್ನು ಅತ್ತೆ ನನಗಿಂತ ಚೆನ್ನಾಗಿ ಮಾಡ್ತಾರೆ, ಅವರಿಗೆ ಓದೋಕೆ ಬರೋದಿಲ್ಲ, ಚಿತ್ರ ಓದ್ತಾರೆ. ಎರಡನೇ ಸಲಕ್ಕೆ ಬರೆದದ್ದನ್ನು ಬರೆದ ಹಾಗೇ ಓದ್ತೀನಿ. ಕತೆ ಆಗಲೇ ಗೊತ್ತಿರೋದರಿಂದ ಹೊಸ ಮಾತು ಅವಳಿಗೆ ಅಡ್ಡ ಬರೋದಿಲ್ಲ. ಮೊನ್ನೆ ಅಜ್ಜಿಗೆ ‘ಹೋಗ್ತಾನ ಅಂದ್ರ ಪುಸ್ತಕದಾಗ ಹೋಗುತ್ತಾನೆ’ ಅಂತ ಹೇಳಿಕೊಡುತ್ತಿದ್ದಳು. ಮನೆಮಾತನ್ನು ತಪ್ಪು ಅಂತ ತಿದ್ದಿದ್ದರೆ ಅಲ್ಲೇ ಪುಸ್ತಕ ಮುಚ್ಚುತ್ತಿದ್ದಳೇನೋ ಅನಿಸುತ್ತೆ. ಹಳ್ಳಿಯಲ್ಲಿರೋರು ಪಂಚಾಯತಿ ಗ್ರಂಥಾಲಯಕ್ಕೂ ಹೋಗಿ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಮ್ಮ ತವರಲ್ಲಿ ಅಣ್ಣನ ಮಕ್ಕಳು ಅಲ್ಲಿಂದಲೇ ತರೋದು.

ಬಾಟಲಿ, ಡಬ್ಬಿ ಬಗ್ಗೆ ಬೇಗ ಹೇಳಿಬಿಡ್ತೀನಿ. ಸ್ಟ್ರಾ ಇರೋ ನೀರಿನ ಬಾಟಲಿ ಮೂರು ತಂದು ಮೂರನ್ನೂ ಬಿಟ್ಟೆ, ರಬ್ಬರಿನ ಸಂದಿಯಲ್ಲಿ ಕಪ್ಪು ಬೂಸು ಕಟ್ಟುತ್ತೆ, ಎಷ್ಟು ತಿಕ್ಕಿದರೂ ಹೋಗೋದಿಲ್ಲ. ನನ್ನ ಕೈ ಒಳಗೆ ಹೋಗೋಷ್ಟು ಅಗಲ ಬಾಯಿಯ ಸ್ಟೀಲ್ ಬಾಟಲಿ ಸಾಕು. ನಮ್ಮ ಬೇಸಿಗೆಗೆ ಸ್ಟೀಲ್ ಕಾಯುತ್ತೆ, ಅದಕ್ಕೆ ಅತ್ತೆ ಕೌದಿ ಚಿಂದಿಯಲ್ಲೇ ಒಂದು ಗವಸು ಹೊಲಿದಿದ್ದಾರೆ, ಬೆಳಿಗ್ಗೆ ಅದನ್ನು ತೋಯಿಸಿ ಹಾಕಿದರೆ ಮಧ್ಯಾಹ್ನದವರೆಗೆ ನೀರು ತಣ್ಣಗಿರುತ್ತೆ. ಊಟದ ಡಬ್ಬಿ ಕೊಳ್ಳೋ ಮುಂಚೆ ಮಗುವಿನ ಕೈ ಒದ್ದೆ ಮಾಡಿ ಮೂರು ಸಲ ತೆಗೆಸಿ ನೋಡಿ. ನನ್ನ ಮಗಳು ಒಂದು ವಾರ ಡಬ್ಬಿ ತೆಗೆಯೋಕೆ ಬಾರದೆ ಅರ್ಧ ಊಟ ತಂದಿದ್ದಳು, ಹೇಳೋಕೆ ನಾಚಿಕೆ ಅವಳಿಗೆ.

ಗಾಲಿಯ ವಾಕರ್ ಅಣ್ಣ ಪ್ರೀತಿಯಿಂದ ತಂದಿದ್ದ, ಬೇಡ ಅಂದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿದೆ, ಮಕ್ಕಳು ಅದರಲ್ಲಿ ಕೂತು ಮೆಟ್ಟಿಲಿಂದ ಉರುಳ್ತಾರೆ ಅಂತ. ನಮ್ಮ ಮನೆಗೂ ಅಂಗಳಕ್ಕೂ ಮಧ್ಯೆ ಮೂರು ಮೆಟ್ಟಿಲಿವೆ. ಅಣ್ಣನಿಗೆ ಮೆಟ್ಟಿಲು ತೋರಿಸಿದೆ, ಅರ್ಥ ಮಾಡಿಕೊಂಡ. ಅದರ ಬದಲು ಬಡಿಗೇರರ ಹತ್ತಿರ ಮೂರು ಗಾಲಿಯ ಕಟ್ಟಿಗೆ ಗಾಡಿ ಮಾಡಿಸಿಕೊಟ್ಟ. ಮಗ ಅದನ್ನು ಹಿಡಿದು ನಡೆಯೋದು ಕಲಿತ, ಈಗ ಅದರಲ್ಲಿ ಚಿಂದಿ ಗಂಟು ಹೇರಿಕೊಂಡು ಓಡಾಡ್ತಾನೆ.

ಸದ್ಯ ಪರೀಕ್ಷೆಯಲ್ಲಿರೋದು ತವರಿನ ಅಟ್ಟದಲ್ಲಿ ಸಿಕ್ಕ ನಮ್ಮಜ್ಜಿಯ ಅಳಗುಳಿ ಮಣೆ. ಹುಣಸೆ ಬೀಜ ರಟ್ಟಿನ ತೂತಿನಲ್ಲಿ ತೂರುತ್ತೆ, ಹಾಗಾಗಿ ಮಗ ಮಲಗಿದ ಮೇಲೆ ಮಾತ್ರ. ಅಜ್ಜಿ ಮೊಮ್ಮಗಳು ಇಬ್ಬರೇ ಆಡ್ತಾರೆ, ಆಟ ಮುಗಿದ ಮೇಲೆ ಬೀಜ ಎಣಿಸಿ ಡಬ್ಬಿಗೆ ಹಾಕೋದು ಮಗಳ ಕೆಲಸ, ಒಂದು ಕಡಿಮೆಯಾದರೂ ಚಾಪೆ ಎತ್ತಿ ಹುಡುಕ್ತಾಳೆ. ಇವತ್ತಿಗೆ ಒಂಬತ್ತು ದಿನ. ಬಸ್ಸಿಳಿದು ಬಂದಾಗ ನಿನ್ನೆ ಇಬ್ಬರೂ ಬಾಗಿಲ ಕಡೆ ತಿರುಗಿ ನೋಡಲೇ ಇಲ್ಲ, ಅತ್ತೆಯ ಕೈಯಲ್ಲಿ ನಾಲ್ಕು ಬೀಜ ಇದ್ದವು.