ಆಸ್ಟಿನ್‌ನಲ್ಲಿ ಬಾರ್ಬೆಕ್ಯೂ ತಿನ್ನಬೇಕಾ? ಬೆಳಗ್ಗೆಯೇ ಹೊರಡಿ

ಟೆಕ್ಸಾಸ್‌ಗೆ ಹೊಸದಾಗಿ ಬಂದ ನಮ್ಮವರು ಬಾರ್ಬೆಕ್ಯೂ ಅಂದ ಕೂಡಲೇ ಬೆಂಗಳೂರಿನ ಲೆಕ್ಕ ಹಾಕುತ್ತಾರೆ. ಮೇಜಿನ ನಡುವೆ ಕೆಂಡ, ಕಡ್ಡಿಗೆ ಚುಚ್ಚಿದ ಪನೀರು, ಸಾಕು ಅನ್ನುವವರೆಗೂ ತಂದು ಹಾಕುವ ಹುಡುಗರು, ರಾತ್ರಿ ಒಂಬತ್ತಕ್ಕೆ ಹೋದರೂ ನಡೆಯುತ್ತದೆ. ಇಲ್ಲಿ ಇದ್ಯಾವುದೂ ಇಲ್ಲ. ಆಸ್ಟಿನ್ ಕಡೆಯ ಬಾರ್ಬೆಕ್ಯೂ ಮಧ್ಯಾಹ್ನದ ಊಟ. ಮಾಂಸ ಹಿಂದಿನ ದಿನವೇ ಒಲೆಗೆ ಹೋಗಿರುತ್ತದೆ, ಪೋಸ್ಟ್ ಓಕ್ ಸೌದೆಯ ಹೊಗೆಯಲ್ಲಿ ಸಣ್ಣ ಬಿಸಿಯಲ್ಲಿ 12 ಗಂಟೆಗೂ ಜಾಸ್ತಿ ಹೊತ್ತು ಬೇಯುತ್ತದೆ. ಹಾಗಾಗಿ ಖಾಲಿಯಾದರೆ ಇನ್ನೊಂದು ಬಾಣಲೆ ಇಟ್ಟು ಮಾಡಿಕೊಡುವ ಮಾತೇ ಇಲ್ಲ. ಸೋಲ್ಡ್ ಔಟ್ ಅಂತ ಬೋರ್ಡ್ ಹಾಕಿ ಮಲಗಿಬಿಡುತ್ತಾರೆ, ಪಾಪ ರಾತ್ರಿಯಿಡೀ ಬೆಂಕಿ ಕಾದವರು ಅಲ್ವಾ.

ಹೆಸರು ಮಾಡಿದ ಜಾಗಗಳು 11 ಗಂಟೆಗೆ ತೆರೆಯುತ್ತವೆ, ಸಾಲು ಅದಕ್ಕೂ ಎಷ್ಟೋ ಮೊದಲೇ ಶುರು. 2009ರಲ್ಲಿ ಒಂದು ಟ್ರೇಲರ್‌ನಲ್ಲಿ ಆರಂಭವಾದ ಫ್ರಾಂಕ್ಲಿನ್ ಬಾರ್ಬೆಕ್ಯೂ ಮುಂದೆ ಜನ ಮಡಚುವ ಕುರ್ಚಿ, ಇಸ್ಪೀಟು, ಬಿಯರ್ ಎಲ್ಲಾ ತಂದುಕೊಂಡು ಕೂರುತ್ತಾರೆ. ಲೆಕ್ಸಿಂಗ್ಟನ್ ಊರಿನ ಸ್ನೋಸ್ ಇನ್ನೂ ಒಂದು ಕೈ ಮೇಲು, ಶನಿವಾರ ಮಾತ್ರ, ಬೆಳಗ್ಗೆ 8ಕ್ಕೆ. ನನ್ನ ಕೇಳಿದರೆ ಮೊದಲ ಸಲಕ್ಕೆ ಇಷ್ಟೆಲ್ಲಾ ತಪಸ್ಸು ಬೇಡ. ಬುಧವಾರವೋ ಗುರುವಾರವೋ ಹತ್ತೂವರೆಗೆ ಯಾವುದಾದರೂ ಒಳ್ಳೆಯ ಜಾಗಕ್ಕೆ ಹೋಗಿ ನಿಂತರೆ ಆರಾಮಾಗಿ ಸಿಗುತ್ತದೆ. ಸೋಮವಾರ, ಮಂಗಳವಾರ ಎಷ್ಟೋ ಅಂಗಡಿಗಳಿಗೆ ರಜೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಕೌಂಟರ್‌ನಲ್ಲಿ ಪ್ಲೇಟ್ ಲೆಕ್ಕ ಇಲ್ಲ, ತೂಕದ ಲೆಕ್ಕ. ಎದುರಿಗೇ ಕತ್ತರಿಸಿ, ತೂಗಿ, ಟ್ರೇ ಮೇಲೆ ಹಾಸಿದ ಕಂದು ಕಾಗದಕ್ಕೆ ಹಾಕುತ್ತಾರೆ. ಹಿಂದೆ ಜರ್ಮನ್ ಮತ್ತು ಚೆಕ್ ವಲಸಿಗರ ಮಾಂಸದ ಅಂಗಡಿಗಳಲ್ಲಿ ಹೀಗೇ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು, ಆ ಪದ್ಧತಿ ಉಳಿದುಕೊಂಡಿದೆ. ತಲೆಗೆ ಅರ್ಧ ಪೌಂಡ್, ಅಂದರೆ ಸುಮಾರು 225 ಗ್ರಾಂ, ಎಲ್ಲಾ ಮಾಂಸ ಸೇರಿ ಸಾಕು. ಬ್ರಿಸ್ಕೆಟ್, ಅಂದರೆ ದನದ ಎದೆಯ ಭಾಗ, ಪೌಂಡಿಗೆ 30 ಡಾಲರ್ ದಾಟುವುದು ಈಗ ಮಾಮೂಲು, ಆದ್ದರಿಂದ ಹಸಿವಿನ ಭರದಲ್ಲಿ "ಎರಡು ಪೌಂಡ್" ಅಂದುಬಿಡಬೇಡಿ. ಬೀಫ್ ರಿಬ್ ಅಂತೂ ಒಂದೇ ಮೂಳೆ ಒಂದು ಪೌಂಡಿಗಿಂತ ಜಾಸ್ತಿ ತೂಗುತ್ತದೆ, ಬೆಲೆ ಕೇಳಿಯೇ ಹೂಂ ಅನ್ನಿ.

ಬ್ರಿಸ್ಕೆಟ್ ಕೇಳಿದಾಗ ಲೀನ್ ಬೇಕಾ, ಮಾಯಿಸ್ಟ್ ಬೇಕಾ ಅಂತ ಕೇಳುತ್ತಾರೆ. ಮಾಯಿಸ್ಟ್ ಅನ್ನಿ. ಕೊಬ್ಬು ಇರುವುದು ಅದರಲ್ಲೇ, ರುಚಿಯೂ ಅದರಲ್ಲೇ. ಅಂಚಿನ ಒಳಗೆ ಗುಲಾಬಿ ಬಣ್ಣ ಕಂಡರೆ ಬೆಂದಿಲ್ಲ ಅಂದುಕೊಳ್ಳಬೇಡಿ, ಅದು ಹೊಗೆಯ ಕೆಲಸ. ಮೇಲಿನ ಕಪ್ಪು ಪದರ ಸುಟ್ಟಿದ್ದೂ ಅಲ್ಲ, ಬಿಸಾಡಬೇಡಿ. ಮಸಾಲೆ ಅಂತ ಇರುವುದು ಹೆಚ್ಚುಕಮ್ಮಿ ಉಪ್ಪು, ಕರಿಮೆಣಸು ಅಷ್ಟೇ. ಖಾರ ಇಲ್ಲ ಅಂತ ಮೊದಲ ತುತ್ತಿಗೇ ಸಾಸ್ ಸುರಿಯುವ ಮುಂಚೆ ಒಂದೆರಡು ಚೂರು ಹಾಗೇ ತಿನ್ನಿ. ಆಮೇಲೆ ಪಕ್ಕದಲ್ಲಿ ಬಿಟ್ಟಿ ಸಿಗುವ ಹಸಿ ಈರುಳ್ಳಿ, ಉಪ್ಪಿನಕಾಯಿ ಸೌತೆ, ಬ್ರೆಡ್ ಜೊತೆ ತಿನ್ನಿ. ಮಾಂಸ ಜಿಡ್ಡು, ಈರುಳ್ಳಿ ಇಲ್ಲದೆ ಬಾಯಿ ಬೇಗ ಕಟ್ಟುತ್ತದೆ.

ದನದ ಮಾಂಸ ತಿನ್ನದವರು ಜೊತೆಗಿದ್ದರೆ ಟರ್ಕಿ ಕೇಳಿ. ಯಾರೂ ಹೊಗಳದ, ಆದರೆ ಚೆನ್ನಾಗಿರುವ ಪದಾರ್ಥ ಅದು. ಪೋರ್ಕ್ ರಿಬ್ಸ್ ಕೂಡ ಇರುತ್ತದೆ. ಸಾಸೇಜ್ ಮಾತ್ರ ಕೇಳದೆ ತಗೋಬೇಡಿ, ಬಹಳಷ್ಟು ಕಡೆ ಅದರಲ್ಲಿ ಬೀಫ್ ಬೆರೆತಿರುತ್ತದೆ. ಎಲ್ಲವನ್ನೂ ಒಂದೇ ಹಲಗೆ ಮೇಲೆ ಕತ್ತರಿಸುವುದನ್ನೂ ನೋಡುತ್ತೀರಿ, ಅದು ಆಗದವರಿಗೆ ಮುಂಚೆಯೇ ಹೇಳಿ ಕರೆದುಕೊಂಡು ಹೋಗಿ.

ಇನ್ನು ಸಸ್ಯಾಹಾರಿಗಳ ಕಷ್ಟ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಸುಮ್ನೆ ಜಾಗ ತೋರಿಸೋಣ ಅಂತ ಕರೆದುಕೊಂಡು ಹೋಗುವವರು ಗಮನಿಸಿ: ಬೀನ್ಸ್ ನೋಡೋಕೆ ಸಾರಿನ ಥರ ಕಂಡರೂ ಒಳಗೆ ಬೇಕನ್ (ಹಂದಿ ಮಾಂಸ) ಚೂರೋ ಬ್ರಿಸ್ಕೆಟ್ ಚೂರೋ ಇರುವುದೇ ಹೆಚ್ಚು. ಆಲೂಗಡ್ಡೆ ಸಲಾಡ್, ಕೋಸಿನ ಸಲಾಡ್‌ಗೆ ಮಯೊನೇಸ್ ಹಾಕುತ್ತಾರೆ, ಅಂದರೆ ಸಾಮಾನ್ಯವಾಗಿ ಮೊಟ್ಟೆ. ಉಳಿಯುವುದು ಮ್ಯಾಕ್ ಅಂಡ್ ಚೀಸ್, ಅದನ್ನೂ ಕೇಳಿಯೇ ತಗೊಳ್ಳಿ. ಕೆಲವು ಹೊಸ ಜಾಗಗಳಲ್ಲಿ ಪರವಾಗಿಲ್ಲ, 2024ರಲ್ಲಿ ಮಿಶೆಲಿನ್ ಸ್ಟಾರ್ ಪಡೆದ ಲೆರಾಯ್ ಅಂಡ್ ಲೂಯಿಸ್ ಹೂಕೋಸನ್ನೂ ಹೊಗೆಯಲ್ಲಿ ಬೇಯಿಸಿ ಹೆಸರು ಮಾಡಿತು. ಆದರೂ ಮನೆಯಲ್ಲಿ ಎರಡು ದೋಸೆ ಹಾಕಿಕೊಟ್ಟು ಕರೆದುಕೊಂಡು ಹೋಗುವುದೇ ಕ್ಷೇಮ.

ಕುಡಿಯುವ ವಿಷಯಕ್ಕೆ ಬರೋಣ. 21 ತುಂಬಿರಬೇಕು, ತಲೆ ನರೆತಿದ್ದರೂ ಐಡಿ ಕೇಳಬಹುದು. ಊರಿನ ಡ್ರೈವಿಂಗ್ ಲೈಸೆನ್ಸು, ಆಧಾರ್ ನಂಬಿಕೊಂಡು ಹೋಗಬೇಡಿ, ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಬಾರ್ ಬೇರೆ ಕೌಂಟರ್ ಆಗಿದ್ದರೆ ಕಾರ್ಡ್ ಕೊಟ್ಟು ಟ್ಯಾಬ್, ಅಂದರೆ ಕೊನೆಗೆ ಒಟ್ಟಿಗೆ ಕಟ್ಟುವ ಲೆಕ್ಕ, ತೆರೆಯಬಹುದು, ಹೊರಡುವಾಗ ಮುಚ್ಚಿಸಿ. ಮರೆತು ಹೋದರೆ ಎಷ್ಟೋ ಕಡೆ ಅವರೇ ಟಿಪ್ಸ್ ಸೇರಿಸಿ ಬಿಲ್ ಮುಗಿಸುತ್ತಾರೆ. ಟೆಕ್ಸಾಸ್‌ನದೇ ಆದ ಶೈನರ್ ಬಾಕ್ ಬಿಯರ್ ಈ ಜಿಡ್ಡಿಗೆ ಚೆನ್ನಾಗಿ ಹೊಂದುತ್ತದೆ. ವಾಪಸ್ ಗಾಡಿ ಓಡಿಸುವವರು ಐಸ್ಡ್ ಟೀ ಕುಡಿಯಲಿ. ರಕ್ತದಲ್ಲಿ ಮದ್ಯದ ಅಂಶ ಶೇಕಡಾ 0.08 ಮುಟ್ಟಿದರೆ ಕೇಸು, ವೀಸಾದಲ್ಲಿ ಇರುವವರಿಗೆ ಅದರ ತಲೆನೋವು ದಂಡದ ದುಡ್ಡಿಗೆ ಮುಗಿಯುವುದಿಲ್ಲ.

ಬೆಳಗ್ಗೆ ಏಳೋದು ಆಗಲ್ಲ, ಹತ್ತು ಹನ್ನೆರಡು ಜನ ಮಕ್ಕಳು ಮರಿ ಸೇರಿ ಸಂಜೆಯೇ ಹೋಗಬೇಕು ಅನ್ನುವವರಿಗೆ ಡ್ರಿಫ್ಟ್‌ವುಡ್‌ನ ಸಾಲ್ಟ್ ಲಿಕ್ ಇದೆ. 1967ರಿಂದ ನಡೆಯುತ್ತಿದೆ, ಒಳಗೆ ಹೋಗುತ್ತಲೇ ದೊಡ್ಡ ದುಂಡು ಒಲೆ ಕಾಣುತ್ತದೆ. ಅಲ್ಲಿ ಬಿಯರ್, ವೈನ್ ನೀವೇ ಐಸ್ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಬಹುದು. ಭಾನುವಾರವಾದರೆ ಅಂಗಡಿಯಲ್ಲಿ ಬೆಳಗ್ಗೆ 10 ಗಂಟೆಗೆ ಮುಂಚೆ ಬಿಯರ್ ಕೊಡುವುದಿಲ್ಲ, ಹಿಂದಿನ ದಿನವೇ ತಂದಿಡಿ. ಮಾಂಸದ ರುಚಿಯಲ್ಲಿ ಪಟ್ಟಣದ ಉದ್ದ ಸಾಲಿನ ಅಂಗಡಿಗಳೇ ಮೇಲು ಅನ್ನೋದು ನನ್ನ ಮತ, ಆದರೆ ಮರದ ಕೆಳಗೆ ಕೂತು ಹರಟೆ ಹೊಡೆಯೋಕೆ ಇದಕ್ಕೆ ಸಾಟಿ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಬೆಂಚು ಕಾದ ಹೆಂಚು, 38 ಡಿಗ್ರಿ ಮಾಮೂಲು. ಅಕ್ಟೋಬರ್ ಆದಮೇಲೆ ಹೋಗಿ. ಟ್ರೇ ಬಿಟ್ಟು ಎಲ್ಲರೂ ಒಟ್ಟಿಗೆ ಕೈ ತೊಳೆಯೋಕೆ ಹೋಗಬೇಡಿ, ಗ್ರ್ಯಾಕಲ್ ಅನ್ನೋ ಕಪ್ಪು ಹಕ್ಕಿಗಳು ಕಾಯುತ್ತಾ ಇರುತ್ತವೆ. ಉಳಿದಿದ್ದನ್ನು ನಾಚಿಕೆ ಇಲ್ಲದೆ ಕಟ್ಟಿಸಿಕೊಳ್ಳಿ. ಟರ್ಕಿಯನ್ನು ಮಾರನೇ ದಿನ ಸಣ್ಣಗೆ ಹೆಚ್ಚಿ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಜೊತೆ ಹುರಿದರೆ ಅಕ್ಕಿರೊಟ್ಟಿಗೆ ಬೇರೆ ಪಲ್ಯ ಬೇಡ.